ಟಿಎಸ್‌ಎಚ್ ಜಾಸ್ತಿ ಅಂದರೆ ಥೈರಾಯಿಡ್ ಕಮ್ಮಿ ಅಂತೆ! ಯಾರಾದರೂ ಬಿಡಿಸಿ ಹೇಳಿ

ಮಧುಗಿರಿ ಬೆಟ್ಟದಡಿ:
ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 52 ವರ್ಷ. ಆರು ತಿಂಗಳಿಂದ ಸುಸ್ತು ಸುಸ್ತು ಅನ್ನುತ್ತಿದ್ದರು. ಮೊದಲೆಲ್ಲ ನಾಲ್ಕೂವರೆಗೆ ಎದ್ದು, ಕೊಟ್ಟಿಗೆ ಕಸ ತೆಗೆದು, ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದು ಮುದ್ದೆ ತೊಳಸುತ್ತಿದ್ದವರು. ಈಗ ಮುದ್ದೆ ಕೋಲು ಹಿಡಿದರೆ ಅರ್ಧಕ್ಕೇ ಕೂತುಬಿಡುತ್ತಾರೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಬಂಡೆ ಕಾದು ಕಾವಲಿ ಆಗಿರುತ್ತದೆ, ಅಂಥದರಲ್ಲಿ ಅಮ್ಮ ಸ್ವೆಟರ್ ಹಾಕಿಕೊಂಡು ಜಗಲಿ ಮೇಲೆ ಕೂತಿರುತ್ತಾರೆ! ಬಾಚಣಿಗೆ ತುಂಬ ಕೂದಲು.

ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದೆವು. ಟಿಎಸ್‌ಎಚ್ 14.2 ಬಂದಿದೆ. ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ' ಅಂತ ಇದೆ. ಮೆಡಿಕಲ್ ಸ್ಟೋರ್ ಹುಡುಗ ರಿಪೋರ್ಟ್ ನೋಡಿ 'ಆಂಟಿಗೆ ಥೈರಾಯಿಡ್ ಜಾಸ್ತಿ ಆಗಿದೆ' ಅಂದ. ಡಾಕ್ಟರು 'ಕಮ್ಮಿ ಆಗಿದೆ, ಅದಕ್ಕೇ ಮಾತ್ರೆ' ಅಂದರು. 'ಇಬ್ಬರಲ್ಲಿ ಒಬ್ಬನಿಗೆ ಓದಕ್ಕೆ ಬರಲ್ಲ' ಅನ್ನುವುದು ನಮ್ಮಪ್ಪನ ತೀರ್ಪು. ಈ ಜಗಳದಲ್ಲಿ ಅಮ್ಮ ಮಾತ್ರೆ ಸೀಸೆಯ ಮುಚ್ಚಳವನ್ನೇ ತೆಗೆದಿಲ್ಲ. ಜಾಸ್ತಿಯೋ ಕಮ್ಮಿಯೋ?

ತಿಪಟೂರು ಮೇಷ್ಟ್ರು:
ಡಾಕ್ಟರು ಹೇಳಿದ್ದೇ ಸರಿ. ಹುಡುಗ ಅಂಕಿ ಸರಿಯಾಗೇ ಓದಿದ್ದಾನೆ, ಅದು ಯಾರ ಅಂಕಿ ಅನ್ನುವುದು ಗೊತ್ತಾಗಿಲ್ಲ ಅಷ್ಟೆ.

ಟಿಎಸ್‌ಎಚ್ ಥೈರಾಯಿಡ್ ಗ್ರಂಥಿ ಮಾಡುವ ಹಾರ್ಮೋನ್ ಅಲ್ಲ. ಅದನ್ನು ಮಾಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಬಟಾಣಿ ಕಾಳಿನಷ್ಟಿದೆ, ತೂಕ ಸುಮಾರು ಅರ್ಧ ಗ್ರಾಂ. ಅದು ಕುತ್ತಿಗೆಯಲ್ಲಿರುವ ಥೈರಾಯಿಡ್‌ಗೆ 'ಕೆಲಸ ಮಾಡು' ಅಂತ ಹೇಳಿ ಕಳಿಸುವ ಮಾತೇ ಟಿಎಸ್‌ಎಚ್.

ಸಂಜೆ ಅಮ್ಮ ಬಾಗಿಲಲ್ಲಿ ನಿಂತು ಆಟಕ್ಕೆ ಹೋದ ಮಗನನ್ನು ಕೂಗುತ್ತಾಳೆ ಅಂದುಕೊಳ್ಳಿ. ಮಗ ಒಂದೇ ಕರೆಗೆ ಬಂದರೆ ಅವಳ ದನಿ ಏರುವುದಿಲ್ಲ. ಬರದಿದ್ದರೆ? ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ನಿಮ್ಮ ರಿಪೋರ್ಟಿನ 14.2 ಆ ಕೂಗು. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸು ಇರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ. ಕೂಗು ಇಷ್ಟು ಜೋರಾಗಿದೆ ಅಂದರೆ ಮಗ ಮನೆಗೆ ಬಂದಿಲ್ಲ. ಥೈರಾಯಿಡ್ ಕೆಲಸ ಕಮ್ಮಿ ಆಗಿದೆ ಅಂತ ಅರ್ಥ.

ಮುಳಬಾಗಿಲು ದೋಸೆ:
ಮೇಷ್ಟ್ರೇ, ನಮ್ಮಮ್ಮ ಕೂಗಿದರೆ ಮೂರು ಬೀದಿ ಆಚೆ ಇರುವವರ ಮಕ್ಕಳೂ ಮನೆ ಸೇರುತ್ತಿದ್ದರು. ಅವರ ಟಿಎಸ್‌ಎಚ್ ನೂರು ದಾಟಿರಬೇಕು.

ಗೌರಿಬಿದನೂರು ನರ್ಸಕ್ಕ:
ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಕೆಲವರಲ್ಲಿ ಕೂಗುವ ಪಿಟ್ಯುಟರಿಗೇ ತೊಂದರೆ ಇರುತ್ತದೆ. ಆಗ ಥೈರಾಯಿಡ್ ಹಾರ್ಮೋನ್ ಕಮ್ಮಿ ಇದ್ದರೂ ಟಿಎಸ್‌ಎಚ್ ಏರುವುದಿಲ್ಲ. ಅಪರೂಪ, ಆದರೂ ಅದಕ್ಕೇ ಡಾಕ್ಟರು ಟಿ4, ಅಂದರೆ ಥೈರಾಯಿಡ್ ಮಾಡುವ ಥೈರಾಕ್ಸಿನ್ ಹಾರ್ಮೋನ್ ಕೂಡ ನೋಡುವುದು. @ಮಧುಗಿರಿ ತಮ್ಮಾ, ಅಮ್ಮನ ಟಿ4 ಎಷ್ಟಿದೆ? ಯಾವ ಮಾತ್ರೆ, ಎಷ್ಟು ಪವರ್?

ಮಧುಗಿರಿ ಬೆಟ್ಟದಡಿ:
ಅಕ್ಕಾ, ಟಿ4 ಪಕ್ಕದಲ್ಲಿ 'ಲೋ' ಅಂತ ಇದೆ. ಮಾತ್ರೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ. ಆ್ಯಂಟಿ ಟಿಪಿಒ ಅಂತ ಇನ್ನೊಂದು ಪರೀಕ್ಷೆ ಮಾಡಿಸಿದ್ದರು, ಅದೂ ತುಂಬಾ ಜಾಸ್ತಿ ಬಂದಿದೆ.

ಗೌರಿಬಿದನೂರು ನರ್ಸಕ್ಕ:
ಹಾಗಾದರೆ ಲೆಕ್ಕ ಸರಿಹೋಯಿತು. ಆ್ಯಂಟಿ ಟಿಪಿಒ ಜಾಸ್ತಿ ಅಂದರೆ ಅಮ್ಮನ ಮೈಯ ರಕ್ಷಣಾ ಪಡೆಯೇ ಥೈರಾಯಿಡ್ ಮೇಲೆ ತಿರುಗಿಬಿದ್ದಿದೆ. ಇದಕ್ಕೆ ಹಾಶಿಮೊಟೊ ಕಾಯಿಲೆ ಅನ್ನುತ್ತಾರೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ಡಾಕ್ಟರ ಹೆಸರು ಅದು. ಗಂಡಸರಿಗಿಂತ ಹೆಂಗಸರಲ್ಲಿ ತುಂಬಾ ಜಾಸ್ತಿ.

ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ ಇಲ್ಲ, ಹಾಲಿಲ್ಲ, ತಿಂಡಿ ಇಲ್ಲ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇದ್ದರೆ ಕನಿಷ್ಠ ನಾಲ್ಕು ಗಂಟೆ ಅಂತರ. ನಮ್ಮಲ್ಲಿ ಬರುವ ಎಷ್ಟೋ ಜನ ಎಲ್ಲಾ ಮಾತ್ರೆ ಒಟ್ಟಿಗೆ ಅಂಗೈಗೆ ಸುರಿದುಕೊಂಡು, ಕಾಫಿ ಜೊತೆ ಗಟಗಟ ನುಂಗಿ, 'ಎರಡು ವರ್ಷದಿಂದ ತಿಂತಿದ್ದೀನಿ, ಕಮ್ಮಿನೇ ಆಗಿಲ್ಲ' ಅನ್ನುತ್ತಾರೆ.

ಮಧುಗಿರಿ ಬೆಟ್ಟದಡಿ:
ಇದೇ ದೊಡ್ಡ ಸಮಸ್ಯೆ! ಅಮ್ಮನಿಗೆ ಎದ್ದ ತಕ್ಷಣ ಕಾಫಿ ಬೇಕು. 'ಕಾಫಿ ಬಿಡು ಅನ್ನೋ ಮಾತ್ರೆ ನಂಗೆ ಬೇಡ' ಅಂತ ಕೂತಿದ್ದಾರೆ.

ತಿಪಟೂರು ಮೇಷ್ಟ್ರು:
ಬಿಡುವುದು ಬೇಡ. ಡೈರಿಗೆ ಹಾಲು ಹಾಕಿ ಬರಲು ಎಷ್ಟು ಹೊತ್ತಾಗುತ್ತದೆ?

ಮಧುಗಿರಿ ಬೆಟ್ಟದಡಿ:
ಹಾಲು ಕರೆಯುವುದು, ಡೈರಿ ಮುಂದೆ ಕ್ಯೂ ನಿಲ್ಲುವುದು, ಅವರು ಫ್ಯಾಟ್ ನೋಡಿ ಚೀಟಿ ಕೊಡುವುದು ಎಲ್ಲಾ ಸೇರಿ ಒಂದು ಗಂಟೆ ಆರಾಮಾಗಿ ಆಗುತ್ತದೆ.

ತಿಪಟೂರು ಮೇಷ್ಟ್ರು:
ಕೊಟ್ಟಿಗೆಗೆ ಹೋಗುವ ಮುಂಚೆ ಮಾತ್ರೆ, ಡೈರಿಯಿಂದ ಬಂದ ಮೇಲೆ ಕಾಫಿ. ಗಡಿಯಾರ ನೋಡುವ ಕೆಲಸವೇ ಇಲ್ಲ.

ದನಿಯಾ ಕಷಾಯ:
ಸುಮ್ನೆ ಯಾಕೆ ಜೀವನಪೂರ್ತಿ ಮಾತ್ರೆ? ಕೊತ್ತಂಬರಿ ಬೀಜ ರಾತ್ರಿ ನೆನೆಹಾಕಿ ಬೆಳಗ್ಗೆ ಕುದಿಸಿ ಕುಡಿದರೆ 21 ದಿನದಲ್ಲಿ ಥೈರಾಯಿಡ್ ಮಾಯ. ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತುಂಬಾ ಜನಕ್ಕೆ ವಾಸಿಯಾಗಿದೆ. ಉಪ್ಪಿಗೆ ಅಯೋಡಿನ್ ಬೆರೆಸಿದ ಮೇಲೇ ಈ ಕಾಯಿಲೆಗಳು ಬಂದಿದ್ದು. ನಾವು ಕಲ್ಲುಪ್ಪಿಗೆ ವಾಪಸ್ ಹೋಗಿದ್ದೇವೆ.

ಗೌರಿಬಿದನೂರು ನರ್ಸಕ್ಕ:
ದನಿಯಾ ನೀರು ಕುಡಿಯಿರಿ ಅಣ್ಣಾ, ಬೇಡ ಅನ್ನುವುದಿಲ್ಲ. ಮಾತ್ರೆ ಬದಲಿಗೆ ಬೇಡ. ಉಪ್ಪಿನ ಮಾತು ಮಾತ್ರ ತಲೆಕೆಳಗಾಗಿದೆ. ಗಳಗಂಡ ಉಪ್ಪಿಗೆ ಅಯೋಡಿನ್ ಹಾಕುವುದಕ್ಕಿಂತ ಎಷ್ಟೋ ಹಿಂದಿನದು. ಹಿಮಾಲಯದ ತಪ್ಪಲಲ್ಲಿ ಊರಿಗೆ ಊರೇ ಕುತ್ತಿಗೆ ಊದಿಕೊಂಡಿರುತ್ತಿತ್ತು. ಡಾ. ರಾಮಲಿಂಗಸ್ವಾಮಿ ಅವರ ತಂಡ 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಜನರಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿತು, ಗಳಗಂಡ ಇಳಿಯಿತು. 1962ರಲ್ಲಿ ಸರ್ಕಾರದ ಕಾರ್ಯಕ್ರಮ ಶುರುವಾಯಿತು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ಅದಿಲ್ಲದೆ ಥೈರಾಯಿಡ್‌ಗೆ ಕಚ್ಚಾ ಮಾಲೇ ಇಲ್ಲ. ಟಿ4 ಅನ್ನುವ ಹೆಸರಿನಲ್ಲಿರುವ 4 ಅಂದರೆ ನಾಲ್ಕು ಅಯೋಡಿನ್ ಪರಮಾಣು.

ಹಾಗಂತ ಉಪ್ಪು ಜಾಸ್ತಿ ತಿಂದರೆ ಮಧುಗಿರಿ ಅಮ್ಮನಿಗೆ ವಾಸಿಯಾಗುವುದಿಲ್ಲ. ಅವರಿಗೆ ಮಾಲಿನ ಕೊರತೆ ಅಲ್ಲ, ಕಾರ್ಖಾನೆಗೇ ಏಟು ಬಿದ್ದಿದೆ.

ಶಿಡ್ಲಘಟ್ಟ ಚಂದ್ರಿಕೆ:
ಮೇಷ್ಟ್ರೇ, 50 ಮೈಕ್ರೋಗ್ರಾಂ ಅಂದರೆ ಎಷ್ಟು? ಕಣ್ಣಿಗೆ ಕಾಣುತ್ತಾ?

ತಿಪಟೂರು ಮೇಷ್ಟ್ರು:
ಒಂದು ಗ್ರಾಂ ಶುದ್ಧ ಹಾರ್ಮೋನ್ ಇದ್ದರೆ 20,000 ಮಾತ್ರೆ. ದಿನಕ್ಕೊಂದರಂತೆ 54 ವರ್ಷ ಬರುತ್ತದೆ. ಚಿಟಿಕೆ ಪುಡಿಯಲ್ಲಿ ಅಮ್ಮನ ಇಡೀ ಆಯಸ್ಸು ಮುಗಿಯುತ್ತದೆ. ನೀವು ನೋಡುವ ಮಾತ್ರೆಯಲ್ಲಿ ಮಿಕ್ಕಿದ್ದೆಲ್ಲ ಹಿಟ್ಟು.

ಶಿಡ್ಲಘಟ್ಟ ಚಂದ್ರಿಕೆ:
ಈಗ ನಮ್ಮ ಕಸುಬಿನ ಮಾತು ಹೇಳಲೇಬೇಕು. ಬೇರೆ ವಿಷಯ ಅನಿಸಿದರೆ ಅಳಿಸಿಬಿಡಿ. ನಾವು ರೇಷ್ಮೆ ಹುಳ ಸಾಕುವವರು. ಹುಳ ನಾಲ್ಕು ಸಲ ಪೊರೆ ಕಳಚುತ್ತದೆ, ನಾವು ಅದಕ್ಕೆ ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ ಹೀಗೆ. ಜ್ವರಕ್ಕೆ ಕೂತಾಗ ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಇರುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಇದನ್ನೆಲ್ಲ ನಡೆಸುವುದು ಎಕ್ಡೈಸೋನ್ ಅನ್ನುವ ಹಾರ್ಮೋನ್ ಅಂತ ತರಬೇತಿಯಲ್ಲಿ ಹೇಳಿದ್ದರು. ಜರ್ಮನಿಯ ಇಬ್ಬರು ವಿಜ್ಞಾನಿಗಳು 1954ರಲ್ಲಿ ಅದನ್ನು ಮೊದಲ ಸಲ ಬೇರ್ಪಡಿಸಿದ್ದು ರೇಷ್ಮೆ ಹುಳದ ಕೋಶದಿಂದಲೇ (ಗೂಡಿನೊಳಗಿನ ಪ್ಯೂಪಾ). 500 ಕೆ.ಜಿ. ಕೋಶ ಅರೆದರೆ ಸಿಕ್ಕಿದ್ದು 25 ಮಿಲಿಗ್ರಾಂ!

ಈಗ ನಾವೂ ಹುಳ ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೆ ಸೊಪ್ಪಿನ ಮೇಲೆ ಅಂಥದ್ದೇ ಹಾರ್ಮೋನ್ ಸಿಂಪಡಿಸುತ್ತೇವೆ. ಗಿಡದಿಂದ ತೆಗೆದದ್ದು, ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರದ್ದು, 'ಸಂಪೂರ್ಣ' ಅಂತ ಹೆಸರು. ಹಾಕಿದರೆ ಹುಳ ಎಲ್ಲಾ ಒಟ್ಟಿಗೆ ಹಣ್ಣಾಗುತ್ತವೆ, ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟಿ) ಒಂದೇ ದಿನ ಬಿಟ್ಟು ಮುಗಿಸಬಹುದು, ಕೂಲಿ ಉಳಿಯುತ್ತದೆ. ಆದರೆ ಹೊತ್ತಿಗೆ ಮುಂಚೆ ಹಾಕಿದರೆ ಕೆಟ್ಟಿತು. ಹುಳ ಹೊಟ್ಟೆ ತುಂಬುವ ಮೊದಲೇ ಗೂಡು ಕಟ್ಟಿ, ಗೂಡು ಪೀಚಾಗುತ್ತದೆ. ಒಂದು ಸಲ ಆತುರಪಟ್ಟು ಅನುಭವಿಸಿದ್ದೇನೆ. ಮಾರ್ಕೆಟ್‌ನಲ್ಲಿ ನನ್ನ ಲಾಟು ಕೈಯಲ್ಲಿ ಹಿಡಿದು ನೋಡಿದ, ಗೂಡಿನಿಂದ ನೂಲು ತೆಗೆಯುವ ರೀಲರು ಏನೂ ಮಾತಾಡದೆ ಮುಂದಕ್ಕೆ ಹೋದ.

ಮುಳಬಾಗಿಲು ದೋಸೆ:
ಅಣ್ಣಾ, ಅಳಿಸಬೇಡಿ. ಈ ಚರ್ಚೆಯಲ್ಲಿ ಇದೇ ಚೆನ್ನಾಗಿರೋದು.

ಪಾವಗಡದವನು:
ಹಾರ್ಮೋನ್ ಅಂದರೆ ನನಗೆ ನಮ್ಮ ತಾತನ ಕಥೆ ನೆನಪಾಗುತ್ತದೆ. ಸ್ವಲ್ಪ ಉದ್ದ ಇದೆ.

ನಮ್ಮ ಕಡೆಯ ನೀರು ನಿಮಗೆ ಗೊತ್ತೇ ಇದೆ. ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ತಾತ ಹುಟ್ಟಿದಾಗಿಂದ ಆಳದ ನೀರು ಕುಡಿದವರು. ಶುದ್ಧ ನೀರಿನ ಘಟಕ ಬರುವ ಹೊತ್ತಿಗೆ ಅವರ ಬೆನ್ನು ಬಾಗಿ, ಮಂಡಿ ಮರಗಟ್ಟಿತ್ತು. ಸಂತೆಯಲ್ಲಿ ಒಬ್ಬ ಪುಡಿ ಮಾರುತ್ತಿದ್ದ. ಬಿಳಿ ಪುಡಿ, ಪೇಪರಿನಲ್ಲಿ ಮಡಿಚಿದ ಪೊಟ್ಟಣ, ಮೇಲೆ ಹೆಸರಿಲ್ಲ. 'ಬೇರು ಕುಟ್ಟಿ ಮಾಡಿದ್ದು' ಅಂದ.

ಮೂರನೇ ದಿನ ತಾತ ಕೋಲಿಲ್ಲದೆ ಕೆರೆ ಏರಿವರೆಗೂ ಹೋಗಿ ಬಂದರು! ನಾವೆಲ್ಲ ಕೈ ಮುಗಿದೆವು. ಊರಿನ ಇನ್ನೂ ನಾಲ್ಕು ಜನ ತರಿಸಿಕೊಂಡರು. ವರ್ಷ ಕಳೆಯಿತು. ತಾತನ ಮುಖ ಗುಂಡಗೆ ತುಂಬಿಕೊಂಡಿತು. 'ಕಳೆ ಬಂದಿದೆ' ಅಂದೆವು. ಹೊಟ್ಟೆ ಬಂತು, ಕೈಕಾಲು ಮಾತ್ರ ಕಡ್ಡಿ. ಬಾಗಿಲ ಚೌಕಟ್ಟು ತಾಗಿದರೆ ಸಾಕು, ಕೈ ಮೇಲೆ ನೀಲಿ ಕಲೆ. ಇಲ್ಲದಿದ್ದ ಶುಗರ್ ಬಂತು. ಯಾವುದನ್ನೂ ಪುಡಿ ಜೊತೆ ಜೋಡಿಸಲು ನಮಗೆ ತೋಚಲಿಲ್ಲ.

ಆಮೇಲೆ ಒಂದು ದಿನ ಪುಡಿಯವನು ಸಂತೆಗೆ ಬರುವುದು ನಿಲ್ಲಿಸಿದ. ಪೊಟ್ಟಣ ಮುಗಿದ ಐದನೇ ದಿನಕ್ಕೆ ತಾತನಿಗೆ ವಾಂತಿ. ಎದ್ದು ನಿಂತರೆ ಕಣ್ಣು ಕತ್ತಲೆ. ತುಮಕೂರಿಗೆ ಕರೆದುಕೊಂಡು ಹೋದಾಗ ಬಿಪಿ 80/50. ಅಲ್ಲಿದ್ದ ಡಾಕ್ಟರಮ್ಮ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ: 'ನೋವಿಗೆ ಯಾವುದಾದರೂ ಪುಡಿ ತಿನ್ನುತ್ತಿದ್ದರಾ?' ಡ್ರಿಪ್ ಹಾಕಿ, ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಸಂಜೆ ಹೊತ್ತಿಗೆ ತಾತ ಗಂಜಿ ಕೇಳಿದರು. ಪುಡಿಯಲ್ಲಿ ಬೇರೂ ಇಲ್ಲ, ನಾರೂ ಇಲ್ಲ. ಸ್ಟೀರಾಯ್ಡ್ ಇತ್ತು ಅಂದರು.

ಕೋಲಾರ ಟೊಮೆಟೊ:
ಸ್ಟೀರಾಯ್ಡ್ ಕೆಟ್ಟದ್ದು ಅಂತ ಕೇಳಿದ್ದೇನೆ. ಆದರೆ ಇಲ್ಲಿ ತಿಂದದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ ಜೀವಕ್ಕೆ ಬಂತಲ್ಲ? ಆಸ್ಪತ್ರೆಯಲ್ಲಿ ಕೊಟ್ಟದ್ದೂ ಅದೇ ಅಲ್ವಾ?

ತಿಪಟೂರು ಮೇಷ್ಟ್ರು:
ಅದೇ. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯಂತೆ ಅಡ್ರಿನಲ್ ಗ್ರಂಥಿಗಳು ಕೂತಿವೆ. ಒಂದೊಂದೂ ನಾಲ್ಕೈದು ಗ್ರಾಂ. ಅವು ಕಾರ್ಟಿಸಾಲ್ ಮಾಡುತ್ತವೆ, ಅದು ಮೈ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್. ಬೆಳಗ್ಗೆ ಏಳುವ ಹೊತ್ತಿಗೆ ಅದು ಏರಿರುತ್ತದೆ, ನಡುರಾತ್ರಿಗೆ ಇಳಿದಿರುತ್ತದೆ. ಬಿಪಿ ನಿಲ್ಲಿಸುವುದು, ಹಸಿದಾಗ ಸಕ್ಕರೆ ಒದಗಿಸುವುದು, ಜ್ವರ ಪೆಟ್ಟು ತಡೆದುಕೊಳ್ಳುವುದು ಎಲ್ಲಕ್ಕೂ ಅದು ಬೇಕು. ಇಲ್ಲಿಯೂ ಕೂಗುವುದು ಪಿಟ್ಯುಟರಿಯೇ. ಕೂಗಿನ ಹೆಸರು ಎಸಿಟಿಎಚ್.

ಪುಡಿಯಿಂದ ರಕ್ತದಲ್ಲಿ ಸ್ಟೀರಾಯ್ಡ್ ತುಂಬಿ ತುಳುಕುತ್ತಿದ್ದರೆ ಪಿಟ್ಯುಟರಿ ಯಾಕೆ ಕೂಗುತ್ತದೆ? ಸುಮ್ಮನಾಗುತ್ತದೆ. ಕರೆಯುವವರಿಲ್ಲದೆ ಅಡ್ರಿನಲ್ ಸೊರಗುತ್ತದೆ. ವರ್ಷಗಟ್ಟಲೆ ಮಲಗಿದ್ದನ್ನು ಒಂದು ಬೆಳಗ್ಗೆ ದಿಢೀರನೆ ಎಬ್ಬಿಸಲು ಆಗುವುದಿಲ್ಲ.

ಒಂದು ವಿಚಿತ್ರ ನೋಡಿ. ಮಧುಗಿರಿ ಅಮ್ಮನ ಮಾತ್ರೆಯಲ್ಲಿರುವ ಥೈರಾಕ್ಸಿನ್ ಅನ್ನು 1914ರ ಕ್ರಿಸ್ಮಸ್ ದಿನ ಮೊದಲು ಬೇರ್ಪಡಿಸಿದವರು ಅಮೆರಿಕದ ಎಡ್ವರ್ಡ್ ಕೆಂಡಲ್. ಪಾವಗಡದ ತಾತನ ಪುಡಿಯ ಮೂಲವೂ ಅದೇ ಮನುಷ್ಯನ ಪ್ರಯೋಗಾಲಯ! ಅಡ್ರಿನಲ್‌ನಿಂದ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಬೇರ್ಪಡಿಸಿದವರಲ್ಲಿ ಅವರೂ ಒಬ್ಬರು. 1948ರಲ್ಲಿ ಅವರ ಜೊತೆಗಾರ ಫಿಲಿಪ್ ಹೆಂಚ್ ಅದನ್ನು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸಿಗೆ ಕೊಟ್ಟರು. ಕೆಲವೇ ದಿನಕ್ಕೆ ಆಕೆ ಎದ್ದು ನಡೆದಾಡಿದರು, ನಿಮ್ಮ ತಾತ ಕೆರೆ ಏರಿಗೆ ಹೋದ ಹಾಗೆ. 1950ರಲ್ಲಿ ನೊಬೆಲ್ ಬಂತು. ಅಡ್ಡ ಪರಿಣಾಮಗಳು ಬೆಳಕಿಗೆ ಬರಲೂ ಜಾಸ್ತಿ ಕಾಲ ಹಿಡಿಯಲಿಲ್ಲ.

ಗೌರಿಬಿದನೂರು ನರ್ಸಕ್ಕ:
ಇದನ್ನು ಓದಿ ಯಾರೂ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಬಿಸಾಡಬೇಡಿ, ದಮ್ಮಯ್ಯ! ಅವರು ಲೆಕ್ಕ ಹಾಕಿ ಕೊಟ್ಟಿರುತ್ತಾರೆ, ಲೆಕ್ಕ ಹಾಕಿಯೇ ಇಳಿಸುತ್ತಾರೆ. ಆಸ್ತಮಾ ಇನ್‌ಹೇಲರ್ ಕೂಡ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. @ಪಾವಗಡ, ತಾತ ಈಗ ಹೇಗಿದ್ದಾರೆ? ಪುಡಿ ತರಿಸಿದ ಆ ನಾಲ್ಕು ಜನ?

ಪಾವಗಡದವನು:
ಏಳು ತಿಂಗಳಿಂದ ಮಾತ್ರೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ ಅಕ್ಕಾ. ಮುಖದ ಊತ ಇಳಿದಿದೆ. ಮಂಡಿ ನೋವು ವಾಪಸ್ ಬಂದಿದೆ, ಬೈಯುತ್ತಾರೆ. ಆ ನಾಲ್ಕು ಜನರಲ್ಲಿ ಮೂವರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇನ್ನೊಬ್ಬರು ಬೇರೆ ಸಂತೆಯಲ್ಲಿ ಬೇರೆ ಪುಡಿಯವನನ್ನು ಹುಡುಕಿಕೊಂಡಿದ್ದಾರೆ.

ಮಧುಗಿರಿ ಬೆಟ್ಟದಡಿ:
ಇದನ್ನು ಓದಿ ಹೊಸ ಭಯ ಶುರುವಾಯಿತು. ಅಮ್ಮನ ಥೈರಾಯಿಡ್ ಮಾತ್ರೆಯಿಂದಲೂ ಹೀಗೇ ಗ್ರಂಥಿ ಮಲಗಿಬಿಡುತ್ತಾ? ಒಂದು ದಿನ ಮರೆತರೆ?

ಗೌರಿಬಿದನೂರು ನರ್ಸಕ್ಕ:
ಒಳ್ಳೆಯ ಪ್ರಶ್ನೆ. ಹೆದರಬೇಡ. ತಾತನ ಗ್ರಂಥಿ ಸರಿಯಾಗೇ ಇತ್ತು, ಪುಡಿ ಅದನ್ನು ಮಲಗಿಸಿತು. ಅಮ್ಮನದು ಮೊದಲೇ ಸೋತಿದೆ, ಮಾತ್ರೆ ಅದರ ಪಾಲಿನ ಕೆಲಸ ಮಾಡುತ್ತದೆ. ಇನ್ನೊಂದು, ಕಾರ್ಟಿಸಾಲ್ ರಕ್ತದಲ್ಲಿ ಒಂದೆರಡು ಗಂಟೆಯಲ್ಲೇ ಅರ್ಧಕ್ಕೆ ಇಳಿಯುತ್ತದೆ. ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಒಂದು ದಿನ ಮರೆತರೆ ಏನೂ ಮುಳುಗಿಹೋಗುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಮತ್ತೆ ಅದೇ ಸ್ವೆಟರ್.

ಅದು ನಿಧಾನದ ಹಾರ್ಮೋನ್ ಆದ್ದರಿಂದಲೇ ನಾಳೆಯೇ ಪರೀಕ್ಷೆ ಮಾಡಿಸಿ ಪ್ರಯೋಜನ ಇಲ್ಲ. ಆರರಿಂದ ಎಂಟು ವಾರ ಬಿಟ್ಟು ಮಾಡಿಸು.

ಚಿಂತಾಮಣಿ ಸೊಸೆ:
ಅಕ್ಕಾ, ನಾನು ಈ ಮಾತ್ರೆ ಎರಡು ವರ್ಷದಿಂದ ತಗೊಳ್ಳುತ್ತಿದ್ದೇನೆ. ಈಗ ಎರಡು ತಿಂಗಳ ಬಸುರಿ. ಮಗುಗೆ ಹೀಟ್ ಆಗುತ್ತೆ, ಮಾತ್ರೆ ನಿಲ್ಲಿಸು ಅಂತ ಅತ್ತೆ ಹೇಳುತ್ತಿದ್ದಾರೆ. ಹತ್ತು ದಿನದಿಂದ ನಿಲ್ಲಿಸಿದ್ದೇನೆ.

ಗೌರಿಬಿದನೂರು ನರ್ಸಕ್ಕ:
ಇವತ್ತೇ ಮತ್ತೆ ಶುರು ಮಾಡಮ್ಮ. ನಾಳೆ ಬೆಳಗ್ಗೆ ನಿನ್ನ ಡಾಕ್ಟರ ಹತ್ತಿರ ಹೋಗಿ ಟಿಎಸ್‌ಎಚ್ ಮಾಡಿಸು. ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯಿಡ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಅದರ ಮೆದುಳು ಬೆಳೆಯಲು ಬೇಕಾದ ಹಾರ್ಮೋನ್ ನಿನ್ನಿಂದಲೇ ಹೋಗಬೇಕು. ಬಸುರಿಯಲ್ಲಿ ಸಾಮಾನ್ಯವಾಗಿ ಮಾತ್ರೆ ಜಾಸ್ತಿ ಮಾಡುತ್ತಾರೆ, ನಿಲ್ಲಿಸುವುದಿಲ್ಲ. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗು, ಡಾಕ್ಟರ ಬಾಯಲ್ಲೇ ಕೇಳಲಿ. ಹೋಗಿ ಬಂದು ಇಲ್ಲಿ ಒಂದು ಸಾಲು ಬರಿ.

ಕೋಲಾರ ಟೊಮೆಟೊ:
ನಮ್ಮಪ್ಪನಿಗೆ ಇನ್ಸುಲಿನ್ ಶುರು ಮಾಡಿ ಅಂದಿದ್ದಾರೆ. ತೋಟದ ಮನೆ, ಫ್ರಿಡ್ಜ್ ಇಲ್ಲ, ಕರೆಂಟೂ ಅಷ್ಟಕ್ಕಷ್ಟೇ. ಹೇಗೆ ಇಡುವುದು?

ತಿಪಟೂರು ಮೇಷ್ಟ್ರು:
ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಕುಡಿಕೆ, ಕುಡಿಕೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ. ನೆರಳಲ್ಲಿ ಇಡಿ. ಬಳಸುತ್ತಿರುವ ಬಾಟಲಿ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಬರುತ್ತದೆ. ಮಿಕ್ಕ ಪ್ರಶ್ನೆಗೆ ಬೇರೆ ಚರ್ಚೆ ಶುರು ಮಾಡಿ, ಶುಗರ್ ಇಲ್ಲಿಗೆ ತಂದರೆ ಇದು ಯುಗಾದಿವರೆಗೂ ಮುಗಿಯುವುದಿಲ್ಲ.

ಚಿಂತಾಮಣಿ ಸೊಸೆ:
ಹೋಗಿ ಬಂದೆವು. ಟಿಎಸ್‌ಎಚ್ 7 ಬಂದಿದೆ. ಮಾತ್ರೆ ಜಾಸ್ತಿ ಮಾಡಿದ್ದಾರೆ. ಡಾಕ್ಟರು ಅತ್ತೆಗೆ ಬೈಯಲಿಲ್ಲ, ಮಾತ್ರೆ ಕೊಡುವ ಜವಾಬ್ದಾರಿ ಅವರಿಗೇ ವಹಿಸಿಬಿಟ್ಟರು. ಈಗ ಬೆಳಗ್ಗೆ ಐದೂವರೆಗೆ ಎಬ್ಬಿಸಿ ನುಂಗಿಸುತ್ತಾರೆ. ನಿದ್ದೆಯೇ ಇಲ್ಲ ಅಕ್ಕಾ.

ಮಧುಗಿರಿ ಬೆಟ್ಟದಡಿ:
ಎಂಟು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ಅಮ್ಮನ ಟಿಎಸ್‌ಎಚ್ 5.1. ಡಾಕ್ಟರು ಇನ್ನೊಂದು ಚೂರು ಏರಿಸಿದ್ದಾರೆ. ಸೀಸೆ ಈಗ ಕೊಟ್ಟಿಗೆ ಗೂಡಿನಲ್ಲಿ, ಹಾಲಿನ ಕ್ಯಾನ್ ಪಕ್ಕ. ಕ್ಯಾನ್ ತೆಗೆಯಲು ಹೋದರೆ ಅದು ಕಣ್ಣಿಗೆ ಬೀಳಲೇಬೇಕು. ಮಳೆಗಾಲ ಶುರುವಾಗಿ ಥಂಡಿ ಗಾಳಿ ಬೀಸುತ್ತಿದೆ, ನಾನು ಸ್ವೆಟರ್ ಹಾಕಿದ್ದೇನೆ, ಅಮ್ಮ ಹಾಕಿಲ್ಲ.

ಮೆಡಿಕಲ್ ಸ್ಟೋರ್ ಹುಡುಗನಿಗೆ ಮೇಷ್ಟ್ರ ಕೂಗಿನ ಕಥೆ ಹೇಳಿದೆ. ತಲೆ ಕೆರೆದುಕೊಂಡು, 'ಹಾಗಾದ್ರೆ ಟಿಎಸ್‌ಎಚ್ ಲೋ ಅಂತ ಬಂದ್ರೆ?' ಅಂದ. ನನಗೂ ಉತ್ತರ ಬರಲಿಲ್ಲ.

ತಿಪಟೂರು ಮೇಷ್ಟ್ರು:
ಕೂಗದಿದ್ದರೂ ಮಗ ಮನೆಯೊಳಗೆ ಕುಣಿದಾಡುತ್ತಿದ್ದಾನೆ ಅಂತ. ಎದೆ ಡವಡವ, ಕೈ ನಡುಕ, ತಿಂದರೂ ತೂಕ ಇಳಿಯುವುದು, ಇವೆಲ್ಲ ಆಗ ಕಾಣಿಸುತ್ತವೆ. ಅಥವಾ ಮಾತ್ರೆ ಜಾಸ್ತಿ ಆಗಿರಬೇಕು. ಅಥವಾ ನರ್ಸಕ್ಕ ಹೇಳಿದ ಹಾಗೆ, ಕೂಗುವ ಅಮ್ಮನ ಗಂಟಲೇ ಕಟ್ಟಿರಬೇಕು. ಹುಡುಗನಿಗೆ ಹೇಳಿ, ಟಿ4 ನೋಡದೆ ಬಾಯಿ ಬಿಡಬೇಡ ಅಂತ.